ಗಡಿ ದಾಟಿಸಿದ ಹುಡುಗಿ

ಮೊನ್ನೆ ನನ್ನ ಮೊಮ್ಮಗ ಒಂದು ದಪ್ಪ ಪುಸ್ತಕ ತಂದು ನನ್ನ ಮುಂದೆ ಬಿಚ್ಚಿದ. ಪರದೇಶದವರು ಬರೆದ ಚಿತ್ರಗಳಂತೆ. ಒಬ್ಬ ಹೆಂಗಸಿನ ಎದೆಯಲ್ಲಿ ಬಾಗಿಲು, ಇನ್ನೊಬ್ಬಳಿಗೆ ಕಣ್ಣಿರಬೇಕಾದಲ್ಲಿ ಹಕ್ಕಿ. ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದ. ನನ್ನ ನಾಲಿಗೆಗೆ ಹೊರಳುವ ಹೆಸರಲ್ಲ. "ಕನಸಲ್ಲಿ ಕಂಡಂಗೆ ಬರೆಯೋದು ಅಜ್ಜಿ, ಹೊಸ ಬಗೆ" ಎಂದ. "ಹೊಸದಂತೆ, ಮಣ್ಣಂತೆ! ನೀನು ಹುಟ್ಟೋಕೆ ಎಷ್ಟೋ ಮುಂಚೆ ನಿಮ್ಮಜ್ಜ ಇಂಥದ್ದನ್ನ ಬರೆದು ನನ್ನ ಕೈಲಿ ಬೈಸ್ಕಂಡಿದ್ರು, ಸುಮ್ನಿರು" ಎಂದೆ. ಅವನು ನಕ್ಕು, ಆ ಚಿತ್ರ ಎಲ್ಲಿದೆ ಎಂದು ಕೇಳಿದ. ಬಾಯಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಹಿರಿಯೂರು ತಾಲ್ಲೂಕಿನಲ್ಲಿ, ಹರಿಯಬ್ಬೆಯಿಂದ ಆಚೆಗೆ. ಆಗ ಮಾರಿಕಣಿವೆಯ ಅಣೆಕಟ್ಟೆಯಲ್ಲಿ ನೀರು ನಿಂತ ಹೊಸತು. ನಾನು ಸೊಸೆಯಾಗಿ ಹೋದಾಗ ಆ ಮನೆಯಲ್ಲಿದ್ದವರು ಮೂವರು: ಗಂಡನನ್ನು ಕಳೆದುಕೊಂಡ ಅತ್ತೆ, ನನ್ನ ಗಂಡ, ನನ್ನಷ್ಟೇ ವಯಸ್ಸಿನ ನಾದಿನಿ. ನನ್ನ ಗಂಡ ಮೈಸೂರಿನಲ್ಲಿ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದರು. ನೇಗಿಲು ಹಿಡಿಯುವ ಮನೆಯ ಮಗ ಕುಂಚ ಹಿಡಿದ ಎಂದು ನೆಂಟರೆಲ್ಲ ಆಡಿಕೊಳ್ಳುತ್ತಿದ್ದರು. ಅತ್ತೆ ಮಾತ್ರ "ಹೆತ್ತೋರಿಗೆ ಹೆಗ್ಗಣ ಮುದ್ದು, ನಿಮಗೇನು?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು.

ಗಂಡನಿಲ್ಲದ ಗಂಡನ ಮನೆಯಲ್ಲಿ ನಾನು ಅಳದೆ ಉಳಿದಿದ್ದರೆ ಅದು ನಾದಿನಿಯ ದೆಸೆಯಿಂದ. ಅವಳ ಕೈ ಎಷ್ಟು ಚುರುಕೆಂದರೆ ಒಂದು ಕಡೆ ರೊಟ್ಟಿ ಬಡಿಯುತ್ತ, ಇನ್ನೊಂದು ಕಡೆ ಒಲೆಗೆ ಕಡ್ಡಿ ನೂಕುತ್ತ, ನಡುವೆ ನನ್ನ ತಲೆಗೊಂದು ಮೊಟಕುತ್ತಿದ್ದಳು. "ಅತ್ತಿಗೆ, ನಿಮ್ಮ ರೊಟ್ಟಿ ನಮ್ಮಣ್ಣ ಬರೆದ ಚಿತ್ರ ಇದ್ದಂಗೈತೆ. ಯಾವ ಕಡಿಂದ ನೋಡಿದ್ರೂ ಏನೂಂತ ಗೊತ್ತಾಗಲ್ಲ" ಎಂದು ಹಂಗಿಸುತ್ತಿದ್ದಳು. ಮಂಡಿ ಮುಟ್ಟುವ ಕೂದಲು. ದಿನಾ ಸಂಜೆ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಬಾಚಿಸಿಕೊಳ್ಳಬೇಕು. ಗದ್ದದ ಮೇಲೊಂದು ಮಚ್ಚೆ. ಎಡಗಣ್ಣು ಬಲಗಣ್ಣಿಗಿಂತ ಒಂದು ಕೂದಲೆಳೆ ದೊಡ್ಡದು. ಮದುವೆಯ ಮಾತುಕತೆ ನಡೆದಿತ್ತು. ಹೊಸದುರ್ಗದ ಕಡೆಯ ಹುಡುಗ.

ಆ ವರ್ಷ ಊರಲ್ಲಿ ಇಲಿ ಬಿತ್ತು. ಇಲಿ ಬಿದ್ದರೆ ಏನರ್ಥ ಎಂದು ಆಗ ಮೈಸೂರು ಸೀಮೆಯಲ್ಲಿ ಕೂಸಿಗೂ ಗೊತ್ತಿತ್ತು. ಪ್ಲೇಗು. ನಾವು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವ ಮೊದಲೇ ನಾದಿನಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ಕಾಯಿಲೆಯವರಿಗೆಂದು ಊರ ಹೊರಗೆ ಬೇವಿನ ಮರದ ಕೆಳಗೆ ತಡಿಕೆಯ ಶೆಡ್ಡು ಕಟ್ಟಿದ್ದರು. ಅವಳನ್ನು ಅಲ್ಲಿಗೆ ಸಾಗಿಸಿದರು. ಅತ್ತೆ ಯಾರ ಮಾತೂ ಕೇಳದೆ ಜೊತೆಗೆ ಹೋದರು. ನನ್ನನ್ನು ಹತ್ತಿರ ಬಿಡಲಿಲ್ಲ.

"ತಲೆ ಬಾಚವ್ವ" ಎಂದಳಂತೆ. ಅತ್ತೆ ಮಡಿಲಿಗೆ ತಲೆ ಎಳೆದುಕೊಂಡು ಬಾಚತೊಡಗಿದರಂತೆ. ಜಡೆ ಹೆಣೆದು ಮುಗಿಸುವ ಹೊತ್ತಿಗೆ ತಲೆ ಭಾರವಾಯಿತಂತೆ. ಅತ್ತೆ ಇದನ್ನು ಯಾವಾಗ ಹೇಳಿದರೂ ಅಲ್ಲಿಗೇ ನಿಲ್ಲಿಸುತ್ತಿದ್ದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿ, ಎಡ ಅಂಗೈಯಲ್ಲಿ ಅವರ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುವುದು. ಭಿಕ್ಷುಕ ಸತ್ತರೂ ಕೂರಿಸುತ್ತೇವೆ. ನನ್ನ ನಾದಿನಿಯನ್ನು ಕೂರಿಸಲಿಲ್ಲ. ಹೆಣ ಸಾಗಿಸುವ ಆಳುಗಳು ಗೋಣಿಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ, ಉದ್ದನೆಯ ಗುಂಡಿಯಲ್ಲಿ ಉಳಿದವರ ಸಾಲಿನಲ್ಲಿ ಮಲಗಿಸಿ, ಸುಣ್ಣ ಸುರಿದು ಮುಚ್ಚಿದರು. ಆ ಹೊತ್ತಿನಲ್ಲಿ ಅತ್ತೆಯನ್ನು ಶೆಡ್ಡಿನಿಂದ ಹೊರಗೆ ಬಿಡಲೇ ಇಲ್ಲ. ಅವಳ ಕೊರಳಿನಲ್ಲಿದ್ದ ಲಿಂಗವನ್ನು ಯಾರೋ ಪುಣ್ಯಾತ್ಮ ಬಿಚ್ಚಿ ಅತ್ತೆಯ ಕೈಗೆ ಕೊಟ್ಟಿದ್ದ, ಅಷ್ಟೇ. ಅಂದಿನಿಂದ ಅತ್ತೆಯ ಕೊರಳಲ್ಲಿ ಎರಡು ಲಿಂಗ. "ಮಲಗಿಸಿಬಿಟ್ರಲ್ಲೇ ನನ್ನ ಮಗಳನ್ನ, ಕಟ್ಟಿಗೆ ತುಂಡು ಮಲಗಿಸಿದಂಗೆ" ಎಂದು ರಾಗಿ ಬೀಸುವಾಗ, ನೀರು ಸೇದುವಾಗ, ಇದ್ದಕ್ಕಿದ್ದಂತೆ ಅನ್ನುತ್ತಿದ್ದರು.

ನನ್ನ ಗಂಡ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರು ತಂಗಿಯ ಮುಖವನ್ನು ಕೊನೆಗೂ ಕಾಣಲಿಲ್ಲ. ನಮ್ಮಂಥವರ ಮನೆಯಲ್ಲಿ ಫೋಟೋ ಎಲ್ಲಿಂದ ಬರಬೇಕು? ಅತ್ತೆ ಒಂದೇ ಮಾತು ಹಿಡಿದರು: "ನೀನು ಚಿತ್ರ ಕಲ್ತಿದ್ದೀಯಲ್ಲಪ್ಪ, ನನ್ನ ಮಗಳನ್ನ ಬರ್ಕೊಡು. ಮುಖ ಮರ್ತುಬಿಡ್ತೀನಿ ಅಂತ ಭಯ ಆಗ್ತೈತೆ."

ಅವರು ಮೊದಲು ಏನೂ ಬರೆಯಲಿಲ್ಲ. ನಮ್ಮಿಬ್ಬರನ್ನೂ ಕೂರಿಸಿಕೊಂಡು ಕೇಳಿದರು. ಅತ್ತೆ ಮಡಿಲಿನಲ್ಲಿದ್ದ ತಲೆಯ ಭಾರ ಹೇಳಿದರು, ಬೇವಿನ ಮರದ ನೆರಳು ಹೇಳಿದರು. ನಾನು "ಅವಳಿಗೆ ಎರಡಲ್ಲ, ನಾಲ್ಕು ಕೈ ಇದ್ದವು" ಎಂದೆ. ಆಮೇಲೆ ಅವರು ಅಟ್ಟದ ಮೇಲೆ ಕುಳಿತು ಕಾಡಿಗೆಯ ಮಸಿಯಲ್ಲಿ ಬರೆದರು. ದಪ್ಪ ಕಾಗದ, ಹಿಂದೆ ಬಟ್ಟೆ ಅಂಟಿಸಿ, ಮೇಲೆ ಕೆಳಗೆ ಬಿದಿರು ಕಡ್ಡಿ ಹಾಕಿ ಕೆಳಗೆ ತಂದರು.

ಒಬ್ಬಳು ಹುಡುಗಿ ಪದ್ಮಾಸನ ಹಾಕಿ ಕೂತಿದ್ದಾಳೆ. ಕುತ್ತಿಗೆಯ ಮೇಲೆ ತಲೆಯಿಲ್ಲ; ಅಲ್ಲಿಂದ ಬೇವಿನ ರೆಂಬೆಗಳು ಚಿಗುರಿವೆ. ತಲೆ ಅವಳದೇ ಮಡಿಲಲ್ಲಿದೆ, ಕಣ್ಣು ತೆರೆದುಕೊಂಡು. ಎರಡು ಕೈ ಆ ತಲೆಯ ಕೂದಲು ಬಾಚುತ್ತಿವೆ. ಮೂರನೆಯ ಕೈಯಲ್ಲಿ ಮೊರ. ನಾಲ್ಕನೆಯದು, ಎಡಗೈ, ಬರಿದಾಗಿ ಅಂಗೈ ಮೇಲೆ ಮಾಡಿ ಚಾಚಿದೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಿಮಗೇನು ಗ್ರಹಚಾರ ಬಡಿದೈತ್ರೀ? ಮಗಳನ್ನ ಬರ್ಕೊಡು ಅಂದ್ರೆ ರುಂಡ ಕಡಿದು ಮಡಿಲಲ್ಲಿ ಇಟ್ಟಿದ್ದೀರಲ್ಲ! ಹೆತ್ತ ತಾಯಿಗೆ ತೋರಿಸೋ ಚಿತ್ರವಾ ಇದು?" ಎಂದು ಕೂಗಾಡಿದೆ. ಕೈಯಲ್ಲಿದ್ದ ಚೊಂಬನ್ನೂ ನೆಲಕ್ಕೆ ಕುಕ್ಕಿದೆ. ಅತ್ತೆ ಕೂತಲ್ಲಿಂದ ಎದ್ದು ಬಂದು, ಮಡಿಲಲ್ಲಿದ್ದ ಮುಖದ ಮೇಲೆ ಬೆರಳಾಡಿಸಿದರು. ಮಚ್ಚೆ ಇತ್ತು. ಕೂದಲೆಳೆಯಷ್ಟು ದೊಡ್ಡದಾದ ಎಡಗಣ್ಣು ಇತ್ತು. ಈಗ ನಗುತ್ತಾಳೆ, ಈಗ ನನ್ನನ್ನು ಹಂಗಿಸುತ್ತಾಳೆ ಎನ್ನುವ ಹಾಗಿತ್ತು. "ಕೂರಿಸಿದ್ದೀಯಪ್ಪ" ಎಂದರು ಅತ್ತೆ. "ಕೂರಿಸಿದ್ದೀಯ." ಆಗ ನನಗೂ ಅರ್ಥವಾಯಿತು, ಕುಕ್ಕಿದ ಚೊಂಬನ್ನು ಎತ್ತಿಟ್ಟೆ. ಆ ಬರಿ ಅಂಗೈ ಯಾಕೆ ಎಂದು ಆಮೇಲೆ ಮೆಲ್ಲಗೆ ಕೇಳಿದೆ. "ಅದರಲ್ಲಿ ಇಡಬೇಕಾದ್ದು ಅವ್ವನ ಕೊರಳಲ್ಲೈತೆ" ಎಂದರು.

ಚಿತ್ರ ನಡುಮನೆಯಲ್ಲಿ ತೂಗಿತು. ಅತ್ತೆ ಊಟಕ್ಕೆ ಕೂತರೆ ಅದಕ್ಕೆ ಎದುರಾಗಿ ಕೂರುತ್ತಿದ್ದರು. ಹೊಸ ಸೀರೆ ಉಟ್ಟರೆ ಅದಕ್ಕೆ ತೋರಿಸುತ್ತಿದ್ದರು. ಮುಂದಿನ ವರ್ಷ ನನ್ನ ಗಂಡನಿಗೆ ಚಿತ್ರದುರ್ಗದಲ್ಲಿ ಒಂದು ಗೋಡೆಗೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಅವರು ಆ ಕಡೆ ಹೋದರು, ಈ ಕಡೆ ಊರಲ್ಲಿ ಮತ್ತೆ ಇಲಿ ಬಿತ್ತು.

ಈ ಸಲ ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಯಿತು. ಅತ್ತೆ ಪಾತ್ರೆಪಗಡೆಗಿಂತ ಮೊದಲು ಚಿತ್ರವನ್ನು ಇಳಿಸಿ, ಗುಡಿಸಲಿನ ಕಂಬಕ್ಕೆ ತೂಗುಹಾಕಿದರು. ಅಲ್ಲಿ ಎಲ್ಲರ ಬಾಳೂ ಬಯಲಲ್ಲವೇ? ಪಕ್ಕದ ಮನೆಯಾಕೆ ಬೆಂಕಿ ಕೇಳಲು ಬಂದವಳು ಕಂಬ ನೋಡಿ ಹಾಗೇ ಕೈಮುಗಿದು ಕುಸಿದಳು. ಬೇವಿನ ಸೊಪ್ಪು, ನಾಲ್ಕು ಕೈ, ಮೊರ, ಮಡಿಲಲ್ಲಿ ರುಂಡ. ಮಾರಮ್ಮನಿಗೆ ಇನ್ನೇನು ಬೇಕು? "ಅಮ್ಮ ನಿಮ್ಮ ಗುಡಿಸಲಿಗೇ ಬಂದವ್ಳಲ್ಲಕ್ಕ!" ಎಂದು ಅವಳು ಅತ್ತಳು. ಅವಳ ಮೊಮ್ಮಗುವಿಗೆ ಅವತ್ತು ಜ್ವರ ಏರಿತ್ತು.

ಅಮ್ಮ ಅಲ್ಲ, ಅವಳು ನನ್ನ ಮಗಳು ಎಂದು ಅತ್ತೆ ಹೇಳಬಹುದಿತ್ತು. ಹೇಳಲಿಲ್ಲ. ಪಕ್ಕದ ಮನೆಯಾಕೆ ಬೇಲಿಯ ಕಣಗಿಲೆ ಹೂವು ತಂದು ಏರಿಸಿದಳು, ಮರುದಿನ ಇನ್ನೊಬ್ಬಳು ಬಳೆ ತಂದಳು. ಮದುವೆಯಾಗದೆ ಹೋದ ಹುಡುಗಿಗೆ ಊರವರು ಹೂವು, ಬಳೆ, ಅರಿಸಿನ ತರುತ್ತಿದ್ದರೆ ಯಾವ ತಾಯಿ ಬೇಡ ಎಂದಾಳು? "ಇರ್ಲಿ ಬಿಡೇ, ಏರಿಸ್ಕಳ್ಲಿ" ಎಂದರು ನನ್ನ ಹತ್ತಿರ. ಅತ್ತೆಯ ಮುಖದಲ್ಲಿ ಆ ವರ್ಷದಲ್ಲೇ ಕಾಣದ ಗೆಲುವಿತ್ತು.

ಆದರೆ ನಮ್ಮ ಕಡೆ ಬಂದ ಮಾರಿಯನ್ನು ಇಟ್ಟುಕೊಳ್ಳುವುದಿಲ್ಲ. ಪೂಜೆ ಮಾಡುತ್ತಾರೆ, ತಣ್ಣಗೆ ಮಾಡುತ್ತಾರೆ, ಆಮೇಲೆ ಹೊಸ ಮೊರದಲ್ಲಿ ಕೂರಿಸಿ, ತಮಟೆ ಬಡಿದು, ಊರ ಗಡಿ ದಾಟಿಸಿ ಬಿಟ್ಟು ಹಿಂದೆ ತಿರುಗಿ ನೋಡದೆ ಬರುತ್ತಾರೆ. ಆಚೆ ಊರಿನವರು ಅವಳನ್ನು ಕಂಡರೆ, ಅವರೂ ಪೂಜೆ ಮಾಡಿ ತಮ್ಮ ಇನ್ನೊಂದು ಗಡಿಗೆ ಸಾಗಿಸಬೇಕು. ರೋಗ ಹಾಗೆ ಊರಿಂದ ಊರಿಗೆ ಹೊರಟುಹೋಗುತ್ತದೆಂದು ನಂಬಿಕೆ. ಒಂದು ದಿನ ನಾನೂ ಅತ್ತೆಯೂ ರಾಗಿ ತರಲು ಊರೊಳಗಿನ ಮನೆಗೆ ಹೋಗಿದ್ದೆವು. ದೂರದಲ್ಲಿ ತಮಟೆ ಕೇಳಿತು. ಬಂದು ನೋಡಿದರೆ ಕಂಬ ಬರಿದು.

ಅತ್ತೆ ಗಡಿಕಲ್ಲಿನ ತನಕ ಓಡಿದರು. ಅಲ್ಲಿ ಬಳೆ ಚೂರು, ಬೇವಿನ ಸೊಪ್ಪು ಬಿದ್ದಿತ್ತು. ಆಚೆ ಊರಿನವರು ಆಗಲೇ ಎತ್ತಿ ಸಾಗಿಸಿದ್ದರು. ಬಿಸಿ ಕೆಂಡ ಅಂಗೈಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ಚಿತ್ರದುರ್ಗಕ್ಕೆ ಹೇಳಿಕಳಿಸಿದೆವು, ನನ್ನ ಗಂಡ ಬಂದರು. ಇನ್ನೊಂದು ಬರೆಯುತ್ತೇನೆ ಎಂದು ಕೂತರು. ಬೇವು ಬಂತು, ಮೊರ ಬಂತು, ಕೈಗಳು ಬಂದವು. ಮುಖ ಬರಲಿಲ್ಲ. ಎಷ್ಟು ಸಲ ಬರೆದರೂ ಅದು ಬೇರೆ ಯಾರದೋ ಮುಖ. ಕೊನೆಗೊಂದನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿ, "ಇದು ಸೊಸೆ ಕಣಪ್ಪ. ಮಗಳೆಲ್ಲಿ?" ಎಂದರು. ನಿಜ, ಅದು ನಾನೇ. ಬರೆಯುವಾಗ ಕಣ್ಣೆದುರಿಗೆ ಇದ್ದವಳು ನಾನಲ್ಲವೇ? ನನಗೆ ಬದುಕಿರುವುದಕ್ಕೇ ನಾಚಿಕೆಯಾಯಿತು. ಅವರು ಕುಂಚ ತೊಳೆಯದೆ ಇಟ್ಟು, ಮರುದಿನ ತಲೆ ತಗ್ಗಿಸಿಕೊಂಡು ಚಿತ್ರದುರ್ಗಕ್ಕೆ ಹೊರಟುಹೋದರು. ಅವರ ಹಿಂದೆಯೇ ಅತ್ತೆ ಗಂಟು ಕಟ್ಟಿ ನಿಂತರು. "ನಾನು ಹುಡುಕ್ಕಂಡು ಹೋಗ್ತೀನಿ. ನೀನು ಬರ್ತೀಯೋ ಇಲ್ವೋ?" ಎಂದರು. "ಬರದೆ ಏನ್ಮಾಡ್ಲಿ, ಹೋಗಾಣ ಬರ್ರಿ" ಎಂದೆ.

ನಡೆದೆವು. ಎಲ್ಲೋ ಒಂದೊಂದು ಕಡೆ ಗಾಡಿ ಸಿಗುತ್ತಿತ್ತು. ಯಾವ ಊರಲ್ಲಿ ಕೇಳಿದರೂ ಮೊದಲ ಉತ್ತರ "ನಮಗೆ ಗೊತ್ತಿಲ್ಲ." ಆಮೇಲೆ ಯಾರೋ ಮುದುಕಿ ಗದ್ದ ಎತ್ತಿ ಪಡುವಣಕ್ಕೆ ತೋರಿಸುವಳು. ಪಡುವಣಕ್ಕೆ, ಪಡುವಣಕ್ಕೆ. ಹಿರಿಯೂರಿನ ಹೊರಗೆ, ಮಾರಿಕಣಿವೆ ದಾಟಿ, ಹೊಸದುರ್ಗದ ದಾರಿ. ಆ ದಾರಿಯಲ್ಲಿ ಅತ್ತೆ ಒಮ್ಮೆ ನಿಂತು, "ಮದುವೆ ಆಗಿದ್ರೆ ಇದೇ ದಾರೀಲಿ ಬರ್ತಿದ್ಲು" ಎಂದರು. ನಾನು ಅವರ ಗಂಟನ್ನು ನನ್ನ ತಲೆಗೆ ಎತ್ತಿಕೊಂಡೆ.

ಅಲ್ಲೊಂದು ಕುರಿ ಮಂದೆಯವರು ನಮಗೆ ಮುದ್ದೆ ಹಾಕಿದರು. ಮಂದೆಯ ಯಜಮಾನ, ಅತ್ತೆ ಚಿತ್ರದ ವಿಚಾರ ಕೇಳಿದ್ದಕ್ಕೆ, "ಕುಂತ್ಕಳವ್ವ. ಆ ಅಮ್ಮನ್ನ ನಮ್ಮ ಹಟ್ಟಿ ಮುಂದೂ ಬಿಟ್ಟಿದ್ರು. ಮುಖ ನೋಡಿದ್ರೆ ಅಮ್ಮನ ಹಂಗೇ ಇರ್ಲಿಲ್ಲ, ಯಾರೋ ಮನೆ ಹುಡುಗಿ ಇದ್ದಂಗಿತ್ತು. ಮಳೆ ಹನೀತಿತ್ತು, ಕಂಬಳಿ ಹೊದಿಸಿ ಕಳ್ಸಿದ್ವಿ" ಎಂದ. ಅತ್ತೆ ತಟ್ಟೆ ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಮಗಳು ಸತ್ತಾಗಿನಿಂದ ಅವರು ಬಾಯಿಬಿಟ್ಟು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊಳಲ್ಕೆರೆ ದಾಟಿ, ಚಿಕ್ಕಜಾಜೂರಿನ ರೈಲು ಕೂಗುವುದು ಕೇಳಿಸುವಷ್ಟು ಹತ್ತಿರದ ಒಂದು ಊರಿನ ಹೊರಗೆ ಅವಳು ಸಿಕ್ಕಳು. ಸೊಪ್ಪಿನ ಚಪ್ಪರದ ಕೆಳಗೆ ಮೊರದಲ್ಲಿ ಕೂತಿದ್ದಳು, ಮೇಲೆ ಕುರಿಯವರ ಕಂಬಳಿ. ದಾರಿಯುದ್ದಕ್ಕೂ ಚಿಮುಕಿಸಿದ ಅರಿಸಿನದ ನೀರಿಗೆ ಬೇವಿನ ರೆಂಬೆಗಳು ಕರಗಿ ಹೋಗಿದ್ದವು. ಕೈಗಳಲ್ಲಿ ಆ ಚಾಚಿದ ಎಡಗೈ ಒಂದೇ ಸರಿಯಾಗಿ ಉಳಿದಿತ್ತು. ಮುಖಕ್ಕೆ ಯಾರೋ ಬೆಳ್ಳಿಯ ಕಣ್ಣು ಮೆತ್ತಿದ್ದರು. ಅತ್ತೆ ಉಗುರಿನಿಂದ ಮೆಲ್ಲಗೆ ಆ ಬೆಳ್ಳಿ ಕಣ್ಣು ಎಬ್ಬಿಸಿದರು. ಕೆಳಗೆ ಅವಳ ಕಣ್ಣು ಹಾಗೇ ಇದ್ದವು. ಗದ್ದದ ಮಚ್ಚೆಯೂ ಇತ್ತು.

ಜಗಳವಾಡಿ ಬಿಡಿಸಿಕೊಳ್ಳಬೇಕೆಂದು ನಾನು ಸೆರಗು ಕಟ್ಟಿದ್ದೆ. ಜಗಳವೇ ಆಗಲಿಲ್ಲ. ಮಾರಿಯನ್ನು ತಾನಾಗಿ ಬಂದು ಕೇಳುವವರು ಎಲ್ಲಿ ಸಿಗುತ್ತಾರೆ? "ಕರ್ಕಂಡು ಹೋಗ್ರವ್ವ, ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಎಂದು ಊರವರೇ ಮೊರ ಎತ್ತಿ ಅತ್ತೆಯ ತಲೆಯ ಮೇಲಿಟ್ಟರು.

ಹೋಗುವಾಗ ದಾರಿ ತೋರಿಸಿದ ಊರುಗಳು ಬರುವಾಗ ನಮ್ಮನ್ನು ಒಳಗೆ ಬಿಡಲಿಲ್ಲ. ಸಾಗಹಾಕಿದವಳನ್ನು ಹಿಂದಕ್ಕೆ ತರುತ್ತಿದ್ದೇವಲ್ಲ. ಬಾವಿಯ ಹತ್ತಿರ ಹೋದರೆ ಹೆಂಗಸರು ಕೊಡ ಬಿಟ್ಟು ಓಡುತ್ತಿದ್ದರು. ಹೊಲದ ಬದು ಹಿಡಿದು ಸುತ್ತಿ ಸುತ್ತಿ ಬಂದೆವು. ಅತ್ತೆ ಮಾತ್ರ ದಣಿವೇ ಇಲ್ಲದವರ ಹಾಗೆ, ತಲೆಯ ಮೇಲಿನ ಮೊರಕ್ಕೆ ಏನೇನೋ ಹೇಳುತ್ತ ನಡೆಯುತ್ತಿದ್ದರು. ಕಟ್ಟೆಯ ನೀರು ಕಂಡಾಗ "ನೋಡು, ಎಷ್ಟು ನೀರೈತೆ ನೋಡು" ಎಂದು ತೋರಿಸಿದರು.

ನಮ್ಮೂರ ಗಡಿಕಲ್ಲಿನ ಹತ್ತಿರ ಊರೇ ನಿಂತಿತ್ತು. ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ನನ್ನ ಗಂಡನೂ ಚಿತ್ರದುರ್ಗದಿಂದ ಬಂದಿದ್ದರು. ಊರ ಗೌಡರು ಕೈಮುಗಿದು, "ಅಕ್ಕಾರೆ, ನೀವು ಬರ್ರಿ. ಅದನ್ನ ತರಬ್ಯಾಡ್ರಿ. ದಾಟಿಸಿದ ಅಮ್ಮ ತಿರುಗಿ ಬಂದ್ರೆ ಊರು ಉಳಿಯಲ್ಲ. ಈಗಿನ್ನೂ ಸಾವು ನಿಂತೈತೆ" ಎಂದರು.

ನನಗೆ ತಡೆಯಲಾಗಲಿಲ್ಲ. "ಅಮ್ಮ ಅಂತೆ ಅಮ್ಮ! ಇವಳು ನಮ್ಮ ಮನೆ ಹುಡುಗಿ ಅಂತ ನಿಮಗೆ ಗೊತ್ತಿರ್ಲಿಲ್ವಾ? ನಿಮ್ಮ ಹೊಲದಲ್ಲಿ ಕಳೆ ಕಿತ್ತಿಲ್ವಾ ಇವಳು? ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ತೀರಲ್ರೀ!" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಹೊಸ ಸೊಸೆ ಗೌಡರೆದುರು ಬಾಯಿ ಮಾಡುವುದೆಂದರೆ ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಯಾರೂ ನನ್ನನ್ನು ಗದರಲಿಲ್ಲ. ಪಕ್ಕದ ಮನೆಯಾಕೆ ಮಾತ್ರ ಮೊಮ್ಮಗುವನ್ನು ಸೊಂಟದಲ್ಲಿ ಎತ್ತಿಕೊಂಡೇ ಮುಂದೆ ಬಂದು ಅತ್ತೆಯ ಕಾಲು ಹಿಡಿದಳು. ಮಗು ಬಡಕಲಾಗಿತ್ತು, ಬದುಕಿತ್ತು. "ಅಕ್ಕಾ, ನಿನ್ನ ಮಗಳೇ ಇರ್ಬೋದು. ನನಗೆ ಇದೊಂದೇ ಐತೆ" ಎಂದಳು.

ಅತ್ತೆ ಮೊರ ಇಳಿಸಿ ಕಲ್ಲಿನ ಪಕ್ಕ ಕೂತುಬಿಟ್ಟರು. ನಾನು ಅವರ ಕಿವಿಯಲ್ಲಿ, "ಬಿದಿರು ಕಡ್ಡಿ ಕಿತ್ತು ಸೀರೆಯೊಳಗೆ ಮಡಚಿ ಇಟ್ಕಳ್ರಿ ಅತ್ತೆ. ಯಾರಿಗೆ ಗೊತ್ತಾಗ್ತೈತೆ?" ಎಂದೆ. ನನ್ನ ಗಂಡ ಕೂಡ, "ಚಿತ್ರದುರ್ಗದಲ್ಲೇ ಮನೆ ಮಾಡಾಣ, ಬಾ ಅವ್ವ" ಎಂದರು. ಅತ್ತೆ ಆ ಮಗುವನ್ನೇ ನೋಡುತ್ತಿದ್ದರು.

"ಎಲ್ಲಿಗೆ ಕರ್ಕಂಡು ಹೋದ್ರೂ ಅಲ್ಲೂ ಮಕ್ಕಳು ಇರ್ತವಲ್ಲಪ್ಪ" ಎಂದರು. "ಇವರು ಅಂದಿದ್ದು ಸುಳ್ಳೇ ಇರ್ಬೋದು. ಆದ್ರೆ ನಾಳೆ ಒಂದು ಮಗೂಗೆ ಏನಾದ್ರೂ ಆದ್ರೆ, ಇವಳ ಮುಖ ನಾನು ಹೆಂಗೆ ನೋಡ್ಲಿ? ಮುಖ ನೋಡಾಕೆ ಅಂತಾನೇ ಅಲ್ವಾ ಇಷ್ಟು ದೂರ ಹೋಗಿದ್ದು?"

ಆಮೇಲೆ ಗೌಡರ ಕಡೆ ತಿರುಗಿ ಕೇಳಿದರು: "ಈ ಕಲ್ಲು ಯಾರ ಊರಿಂದು, ಗೌಡ್ರೇ?"

"ಎರಡೂ ಊರಿಂದು. ಯಾರದೂ ಅಲ್ಲ" ಎಂದರು ಗೌಡರು.

"ಹಂಗಾದ್ರೆ ಇಲ್ಲೇ ಅಗಿ" ಎಂದು ಮಗನಿಗೆ ಹೇಳಿದರು. "ನಾನು ಇವಳನ್ನ ಆ ಕಡೆಗೂ ನೂಕಲ್ಲ. ನನ್ನಂಗೆ ಅಲ್ಲೂ ಯಾರೋ ತಾಯಿ ಇರ್ತಾಳೆ."

ನನ್ನ ಗಂಡ ಗುದ್ದಲಿ ಹಿಡಿದು ಗಡಿಕಲ್ಲಿನ ಬುಡದಲ್ಲಿ ಅಗೆದರು. ಉದ್ದಕ್ಕೆ ಅಲ್ಲ, ಆಳಕ್ಕೆ, ಕೂರುವವರಿಗೆ ಬೇಕಾಗುವ ಹಾಗೆ. ಅತ್ತೆ ಚಿತ್ರವನ್ನು ಕಂಬಳಿಯ ಮೇಲೆ ಹಾಸಿದರು. ಕುಂಕುಮ ಒರೆಸಿದರು. ಗಂಟಿನಿಂದ ಬಾಚಣಿಗೆ ತೆಗೆದು, ಮಸಿಯ ಕೂದಲ ಮೇಲೆ, ಕಾಗದ ಹರಿಯದ ಹಾಗೆ, ಮೇಲಿಂದ ಕೆಳಗೆ ಒಮ್ಮೆ ಆಡಿಸಿದರು. ಪಕ್ಕದ ಮನೆಯಾಕೆ ತನ್ನ ಬಳೆ ಕಳಚಿ ಮೊರದಲ್ಲಿಟ್ಟಳು. ಅತ್ತೆ ಹಾಳೆಯನ್ನು ಚಿತ್ರದಲ್ಲಿ ಅವಳ ಸೊಂಟ ಬಂದಲ್ಲಿ ಮಡಚಿ, ಕೆಳಕ್ಕಿಳಿಸಿ, ಕಲ್ಲಿಗೆ ಒರಗಿಸಿ ನೇರ ಕೂರಿಸಿದರು.

ಕೊನೆಗೆ ತಮ್ಮ ಕೊರಳಿನಿಂದ ಮಗಳ ಲಿಂಗ ಬಿಚ್ಚಿ, ಚಾಚಿದ ಆ ಎಡ ಅಂಗೈಯ ಮೇಲಿಟ್ಟರು. ಇಡೀ ಊರು ನೋಡುತ್ತ ನಿಂತಿತ್ತು, ತಮಟೆ ಬಡಿಯಲಿಲ್ಲ. ಅತ್ತೆ ಗುಂಡಿಯ ಅಂಚಿನಲ್ಲಿ ಬಗ್ಗಿ ಇನ್ನೊಮ್ಮೆ ಆ ಮುಖ ನೋಡಿ, ಮೊದಲ ಹಿಡಿ ಮಣ್ಣು ತಾವೇ ಹಾಕಿದರು.

"ಕುಂತ್ಕ ನನ್ನವ್ವ" ಎಂದರು. "ಇನ್ನು ನಿನ್ನನ್ನ ಯಾರೂ ಎಬ್ಬಿಸಲ್ಲ."